ಹೆದ್ದಾರಿಯ ಎರಡು ನಿಮಿಷ

ಗಲ್ಫಿಗೆ ಹೋಗುವ ಮುಂಚೆ ನಾನು ಆರು ವರ್ಷ ಮಂಗಳೂರು-ಉಡುಪಿ ರಸ್ತೆಯಲ್ಲಿ ಬಸ್ ಕಂಡಕ್ಟರ್ ಆಗಿದ್ದೆ. ಈ ಹೆದ್ದಾರಿಯಲ್ಲಿ ಬಸ್ಸು ಯಾರಿಗಾದರೂ ಢಿಕ್ಕಿ ಹೊಡೆದಾಗಲೆಲ್ಲ ಮರುದಿನದ ಪತ್ರಿಕೆಯಲ್ಲಿ 'ಚಾಲಕನ ಅತಿವೇಗ ಮತ್ತು ನಿರ್ಲಕ್ಷ್ಯ' ಎಂಬ ಸಾಲು ಇರುತ್ತದೆ. ಅದು ಸುಳ್ಳಲ್ಲ. ಆದರೆ ಆ ಅತಿವೇಗ ಎಲ್ಲಿ ಹುಟ್ಟುತ್ತದೆ ಎಂದು ಬರೆದವರು ಕಡಿಮೆ. ಬಸ್ಸಿನ ಒಳಗೆ ನಿಂತು ನೋಡಿದವನು ನಾನು. ಹೇಳಬೇಕಾದ ಮಾತು ನನ್ನಲ್ಲಿ ಸ್ವಲ್ಪ ಉಂಟು. ಅದರಲ್ಲಿ ಒಂದು ಭಾಗ ನನ್ನ ಮಾನ ಕಳೆಯುವಂಥದ್ದು. ಅದನ್ನೂ ಹೇಳಿಬಿಡುತ್ತೇನೆ.

ಖಾಸಗಿ ಬಸ್ಸಿನ ಪರ್ಮಿಟ್ ಜೊತೆ ಒಂದು ವೇಳಾಪಟ್ಟಿ ಇರುತ್ತದೆ. ಅದನ್ನು ಕೊಡುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ನಮ್ಮ ಭಾಷೆಯಲ್ಲಿ ಅದಕ್ಕೆ 'ಟೈಮಿಂಗ್ಸ್' ಎನ್ನುತ್ತೇವೆ. ಸುರತ್ಕಲ್‌ಗೆ ಇಷ್ಟು ಗಂಟೆಗೆ, ಮುಲ್ಕಿಗೆ ಇಷ್ಟಕ್ಕೆ, ಪಡುಬಿದ್ರಿಗೆ ಇಷ್ಟಕ್ಕೆ. ನಮ್ಮ ಸರ್ವಿಸ್ ಬಸ್ಸಿಗೂ ಹಿಂದಿನಿಂದ ಬರುವ ಬೇರೆ ಮಾಲಕರ ಬಸ್ಸಿಗೂ ನಡುವೆ ಇದ್ದದ್ದು ನಾಲ್ಕು ನಿಮಿಷ. ನಾವು ಎರಡು ನಿಮಿಷ ತಡವಾದರೆ ಅವನ ಜನರೆಲ್ಲ ನಮ್ಮ ಬಸ್ಸಿಗೆ ಹತ್ತಿಬಿಡುತ್ತಾರೆ. ಅವನು ಸುಮ್ಮನಿರುತ್ತಾನೆಯೇ? ಮುಂದಿನ ನಿಲ್ದಾಣದ ಟೈಮ್ ಕೀಪರ್ ಹತ್ತಿರ ಜಗಳ, ಕೆಲವೊಮ್ಮೆ ಕೈ ಕೈ ಮಿಲಾಯಿಸುವುದು. ತಡವಾದ ನಿಮಿಷಕ್ಕೆ ಇಷ್ಟೆಂದು ದಂಡವೂ ಬೀಳುತ್ತಿತ್ತು. ಸಂಜೆ ಮಾಲಕರ ಮುಂದೆ ಕಲೆಕ್ಷನ್ ಎಣಿಸುವಾಗ ನನಗೂ ಡ್ರೈವರಿಗೂ ಸಿಗುವ ಬತ್ತೆ ಆ ಹಣದ ಶೇಕಡಾ ಲೆಕ್ಕದಲ್ಲಿ. ನಾಲ್ಕು ಜನ ಹೆಚ್ಚು ಹತ್ತಿದರೆ ನನ್ನ ಮನೆಗೆ ಅರ್ಧ ಕಿಲೋ ಮೀನು. ಅವರು ಹಿಂದಿನ ಬಸ್ಸಿಗೆ ಹತ್ತಿದರೆ ಅವನ ಮನೆಗೆ.

ಹೀಗಿರುವಾಗ ಬ್ರೇಕಿನ ಮೇಲೆ ಕಾಲಿಡುವ ಪ್ರತಿಯೊಂದು ಸಲವೂ ಡ್ರೈವರ್ ತನ್ನ ಕಿಸೆಯಿಂದ ಹಣ ತೆಗೆದು ರಸ್ತೆಗೆ ಎಸೆದ ಹಾಗೆ. ನಾನು ಕಂಡ ಡ್ರೈವರುಗಳಲ್ಲಿ ಹೆಚ್ಚಿನವರು ಕೆಟ್ಟವರಾಗಿರಲಿಲ್ಲ. ಮನೆಯಲ್ಲಿ ಬೆಕ್ಕಿನ ಮರಿಗೆ ಹಾಲಿಡುವವರು. ಸ್ಟಿಯರಿಂಗ್ ಹಿಡಿದರೆ ಬೇರೆಯೇ ಮನುಷ್ಯ.

ಡ್ರೈವರನ್ನು ಓಡಿಸುತ್ತಿದ್ದವನು ನಾನು. ಒಂದು ವಿಷಲ್ ಅಂದರೆ ನಿಲ್ಲಿಸು, ಎರಡು ವಿಷಲ್ ಅಂದರೆ ಹೊರಡು. ಹಿಂದಿನ ಬಾಗಿಲಲ್ಲಿ ಏನಾಗುತ್ತಿದೆ ಎಂದು ಡ್ರೈವರಿಗೆ ಕಾಣುವುದಿಲ್ಲ, ನನ್ನ ವಿಷಲ್ ಅವನ ಕಣ್ಣು. 'ಜಪ್ಪುಲೆ ಜಪ್ಪುಲೆ' ಎಂದು ಇಳಿಯುವವರ ಬೆನ್ನಿಗೆ ಕೈಯಿಟ್ಟು, 'ಪೋಯಿ' ಎಂದು ಕೂಗಿ, ಎರಡು ವಿಷಲ್ ಹಾಕುವುದಕ್ಕೆ ನಮಗೆ ಬೇಕಾಗಿದ್ದದ್ದು ಐದಾರು ಸೆಕೆಂಡು.

1994ರ ಮಳೆಗಾಲ. ಉಚ್ಚಿಲಕ್ಕಿಂತ ಸ್ವಲ್ಪ ಈಚೆ ಒಂದು ಸಣ್ಣ ನಿಲ್ದಾಣ. ಆಗ ಇದು ರಾಷ್ಟ್ರೀಯ ಹೆದ್ದಾರಿ 17, ಎರಡು ಬಸ್ಸು ಎದುರಾದರೆ ಒಂದರ ಚಕ್ರ ಮಣ್ಣಿಗಿಳಿಯುವಂಥ ರಸ್ತೆ. ಬೀಡಿ ಬ್ರಾಂಚಿಗೆ ಬೀಡಿ ಕೊಟ್ಟು ಎಲೆ, ತಂಬಾಕು ತೆಗೆದುಕೊಂಡು ಬರುತ್ತಿದ್ದ ಹೆಂಗಸೊಬ್ಬರು ಇಳಿಯುವುದಿತ್ತು. ಮೂವತ್ತೈದರ ಆಸುಪಾಸಿನ ಪ್ರಾಯ. ಒಂದು ಕೈಯಲ್ಲಿ ಎಲೆಯ ಕಟ್ಟು, ಇನ್ನೊಂದರಲ್ಲಿ ಕೊಡೆ. ನಾವು ಎರಡು ನಿಮಿಷ ತಡವಾಗಿದ್ದೆವು. ಹಿಂದಿನ ಬಸ್ಸಿನ ಹಾರ್ನ್ ಕೇಳುತ್ತಿತ್ತು. ಅವರ ಒಂದು ಕಾಲು ಮೆಟ್ಟಿಲಲ್ಲಿ ಇರುವಾಗಲೇ ನಾನು ಎರಡು ವಿಷಲ್ ಹಾಕಿದೆ.

ತೊಡೆಯ ಎಲುಬು ಮುರಿದಿತ್ತು. ಜನ ಬೊಬ್ಬೆ ಹಾಕಿ ಬಸ್ ನಿಲ್ಲಿಸಿದರು. ಅವರನ್ನು ಆಟೋದಲ್ಲಿ ಆಸ್ಪತ್ರೆಗೆ ಕಳಿಸಿದೆವು. ಹಿಂದಿನ ಬಸ್ಸು ನಮ್ಮನ್ನು ದಾಟಿಕೊಂಡು ಹೋಯಿತು. ನನಗೆ ನಾಚಿಕೆಯಾಗುವ ಸಂಗತಿ ಎಂದರೆ, ಆ ಹೊತ್ತಿನಲ್ಲೂ ನಾನು ಅದನ್ನು ಗಮನಿಸಿದ್ದೆ. ಪೊಲೀಸರು ಹೇಳಿಕೆ ಕೇಳಿದಾಗ ನಾನು, 'ಬಸ್ ನಿಲ್ಲುವ ಮೊದಲೇ ಅವಸರದಲ್ಲಿ ಇಳಿದರು' ಎಂದೆ. ಹಾಗೆ ಹೇಳಲು ನನಗೆ ಯಾರೂ ಕಲಿಸಿರಲಿಲ್ಲ. ಬಾಯಿಗೆ ತಾನಾಗಿ ಬಂತು. ಬಸ್ಸಿನಲ್ಲಿದ್ದ ಇಬ್ಬರು ಹೌದು ಹೌದು ಎಂದು ತಲೆಯಾಡಿಸಿದರು. ಅವರಿಗೂ ಉಡುಪಿಗೆ ತಡವಾಗುತ್ತಿತ್ತು.

1996ರಲ್ಲಿ ನಾನು ಶಾರ್ಜಾಕ್ಕೆ ಹೋದೆ. ಅಲ್ಲಿ ಲೈಸೆನ್ಸ್ ಮಾಡಿಸಿಕೊಂಡು, ಕಾರ್ಮಿಕರನ್ನು ಕ್ಯಾಂಪಿನಿಂದ ಕೆಲಸದ ಜಾಗಕ್ಕೆ ಒಯ್ಯುವ ಬಸ್ಸನ್ನು ಹದಿನೆಂಟು ವರ್ಷ ಓಡಿಸಿದೆ. ಊರಿನವರು, 'ಗಲ್ಫಿನಲ್ಲಿ ಕಾನೂನು ಬಿಗಿ, ಅದಕ್ಕೆ ನಮ್ಮವರು ಅಲ್ಲಿ ಸರಿಯಾಗಿ ಓಡಿಸುತ್ತಾರೆ' ಎನ್ನುತ್ತಾರೆ. ಕಾನೂನು ಬಿಗಿ ಇರುವುದು ನಿಜ. 2008ರಿಂದ ಕಪ್ಪು ಅಂಕಗಳ ಪದ್ಧತಿ ಬಂದ ಮೇಲೆ 24 ಅಂಕ ತುಂಬಿದರೆ ಲೈಸೆನ್ಸ್ ಹೋಗುತ್ತಿತ್ತು, ಲೈಸೆನ್ಸ್ ಹೋದರೆ ಅನ್ನ ಹೋದಂತೆ. ಆದರೆ ನನ್ನ ಮಟ್ಟಿಗೆ ದೊಡ್ಡ ವ್ಯತ್ಯಾಸ ಬೇರೆ. ನನಗೆ ಅಲ್ಲಿ ತಿಂಗಳ ಸಂಬಳ. ಹತ್ತು ನಿಮಿಷ ತಡವಾಗಿ ತಲುಪಿದರೂ ಅಷ್ಟೇ, ಬೇಗ ತಲುಪಿದರೂ ಅಷ್ಟೇ. ದಾರಿಯಲ್ಲಿ ನಿಂತವರು ಯಾರ ಬಸ್ಸಿಗೆ ಹತ್ತಿದರೆ ನನಗೇನು? ನಾನು ಅಲ್ಲಿಗೆ ಹೋಗಿ ಒಳ್ಳೆಯವನಾದದ್ದಲ್ಲ. ಅವಸರ ಮಾಡುವುದಕ್ಕೆ ನನಗೆ ಯಾರೂ ದುಡ್ಡು ಕೊಡುತ್ತಿರಲಿಲ್ಲ, ಅಷ್ಟೆ.

ಅಲ್ಲಿ ರಮಝಾನಿನಲ್ಲಿ ಮಗ್‌ರಿಬ್ ಹೊತ್ತಿಗೆ ಸಿಗ್ನಲ್‌ಗಳಲ್ಲಿ ಹುಡುಗರು ನಿಂತು ಖರ್ಜೂರ, ನೀರಿನ ಪೊಟ್ಟಣ ಹಂಚುತ್ತಿದ್ದರು. ಇಫ್ತಾರಿಗೆ ಮನೆ ಸೇರಬೇಕೆಂದು ಜನ ಗಾಡಿ ಓಡಿಸುವ ಆ ಅರ್ಧ ಗಂಟೆಯೇ ರಸ್ತೆಯಲ್ಲಿ ಹೆಚ್ಚು ಅಪಾಯದ್ದು. ನಮ್ಮಲ್ಲೂ ಹಾಗೆಯೇ. ಸೂರ್ಯ ಮುಳುಗಿದ ಮೇಲೆ ಇಫ್ತಾರ್ ತಡ ಮಾಡಬಾರದು ಎಂಬುದು ಪ್ರವಾದಿ(ಸ)ಯವರ ಕಲಿಸುವಿಕೆ. ಅದನ್ನು ನಮ್ಮ ಹುಡುಗರು ಬೈಕಿನ ಆಕ್ಸಿಲರೇಟರಿಗೆ ಅನ್ವಯಿಸಿಕೊಂಡಿದ್ದಾರೆ. ಕಿಸೆಯಲ್ಲೊಂದು ಖರ್ಜೂರ ಇದ್ದರೆ ಹಳೆಯಂಗಡಿಯಲ್ಲೂ ಇಫ್ತಾರ್ ಆಗುತ್ತದೆ, ಹೆಜಮಾಡಿಯಲ್ಲೂ ಆಗುತ್ತದೆ. ಪ್ರಯಾಣಿಕನಿಗೆ ನಮಾಝನ್ನು ಮೊಟಕುಗೊಳಿಸಲು, ಉಪವಾಸವನ್ನು ಮುಂದೂಡಲು ಧರ್ಮವೇ ಅವಕಾಶ ಕೊಟ್ಟಿದೆ. (ಮಂಗಳೂರಿನಿಂದ ಉಡುಪಿ ಅಷ್ಟು ದೂರವಿಲ್ಲ, ಆ ರಿಯಾಯಿತಿ ಇಲ್ಲಿಗೆ ಸಲ್ಲದು ಎಂದು ಉಸ್ತಾದರು ತಿದ್ದಿಯಾರು. ಒಪ್ಪಿದೆ.) ಅಲ್ಲಾಹನು ಪ್ರಯಾಣಿಕನಿಗೆ ಸಮಯ ಕೊಟ್ಟಿದ್ದಾನೆ, ನಮ್ಮ ಟೈಮಿಂಗ್ಸ್ ಮಾತ್ರ ಕೊಡುವುದಿಲ್ಲ.

2014ರಲ್ಲಿ ಊರಿಗೆ ಮರಳಿದಾಗ ರಸ್ತೆಯ ಹೆಸರೇ ಬದಲಾಗಿತ್ತು. 2010ರ ಹೊಸ ಸಂಖ್ಯೆಗಳ ಪ್ರಕಾರ ಅದು 66. ತಲಪಾಡಿಯಿಂದ ಕುಂದಾಪುರದವರೆಗೆ ಚತುಷ್ಪಥದ ಕೆಲಸ ನಡೆಯುತ್ತಿತ್ತು. ಪಂಪ್‌ವೆಲ್ ಮೇಲ್ಸೇತುವೆಯಂತೂ ವರ್ಷಗಟ್ಟಲೆ ಕಂಬಗಳಾಗಿಯೇ ನಿಂತು, ಊರಿನವರ ತಮಾಷೆಗೆಲ್ಲ ವಸ್ತುವಾಗಿ, ಕೊನೆಗೆ 2020ರ ಜನವರಿ 31ರಂದು ಉದ್ಘಾಟನೆಯಾಯಿತು. ರಸ್ತೆ ಅಗಲವಾದರೆ ಅಪಘಾತ ಕಡಿಮೆಯಾಗುತ್ತದೆ ಎಂದು ನಾನೂ ನಂಬಿದ್ದೆ. ಆದದ್ದೇನು? ಅಗಲವಾದಲ್ಲಿ ವೇಗ ಹೆಚ್ಚಿತು, ಅಗಲವಾಗದ ಕಡೆ ಗಾಡಿಗಳ ಸಾಲು ಬೆಳೆಯಿತು. ಪಡುಬಿದ್ರಿಯಿಂದ ಹಾರಿಕೊಂಡು ಬಂದ ಬಸ್ಸು ಕೂಳೂರಿನ ಸೇತುವೆ ಹತ್ತಿರ, ನಂತೂರಿನ ವೃತ್ತದಲ್ಲಿ ಮುಗ್ಗರಿಸಿ ನಿಲ್ಲುತ್ತದೆ. ಅಲ್ಲಿ ಕಳೆದುಹೋದ ಹತ್ತು ನಿಮಿಷವನ್ನು ಡ್ರೈವರ್ ಎಲ್ಲಿಂದ ತರಬೇಕು? ಮುಂದಿನ ಖಾಲಿ ರಸ್ತೆಯಿಂದ. ಟ್ರಾಫಿಕ್ ಜಾಮ್ ಒಂದು ಸಮಸ್ಯೆ, ಅತಿವೇಗ ಇನ್ನೊಂದು ಎಂದು ನಾವು ಬೇರೆ ಬೇರೆ ಮನವಿ ಬರೆಯುತ್ತೇವೆ. ಬಸ್ಸಿನ ಒಳಗಿದ್ದವನಿಗೆ ಗೊತ್ತು, ಇವೆರಡೂ ಒಂದೇ.

ಸರ್ವಿಸ್ ರಸ್ತೆ ಇಲ್ಲದ ಕಡೆಗಳಲ್ಲಿ ಎದುರು ಬದಿಯ ಮನೆಯವನು ಒಂದೆರಡು ಕಿಲೋಮೀಟರ್ ಸುತ್ತಿ ಬರುವ ಬದಲು ರಾಂಗ್ ಸೈಡಿನಲ್ಲೇ ಬರುತ್ತಾನೆ. ಅದರಲ್ಲಿ ನಮ್ಮ ಮಸೀದಿಗೆ ಜುಮಾಕ್ಕೆ ಬರುವವರೂ ಇದ್ದಾರೆ, ದೇವಸ್ಥಾನಕ್ಕೆ ಹೋಗುವವರೂ ಇದ್ದಾರೆ. ಮಲ್ಪೆಯಿಂದ, ಮಂಗಳೂರಿನ ಧಕ್ಕೆಯಿಂದ ಬರುವ ಮೀನಿನ ಲಾರಿಗಳ ನೀರು ದಾರಿಯುದ್ದಕ್ಕೂ ಸುರಿದು ಬೈಕುಗಳು ಜಾರುತ್ತವೆ. ಲಾರಿಯಲ್ಲಿ ಆ ನೀರು ಹಿಡಿಯುವ ಒಂದು ಡಬ್ಬಿ ಇಡಲು ಎಷ್ಟು ಖರ್ಚು? ದಾರಿಯಿಂದ ತೊಂದರೆಯನ್ನು ಸರಿಸುವುದು ಈಮಾನಿನ ಒಂದು ಶಾಖೆ ಎಂದು ಮದ್ರಸದ ಮಕ್ಕಳೂ ಹೇಳುತ್ತಾರೆ. ಮುಳ್ಳು, ಕಲ್ಲು ಸರಿಸಿದರೆ ಸಾಕು ಎಂದು ನಾವು ತಿಳಿದುಕೊಂಡ ಹಾಗಿದೆ.

2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಿಂದ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರಕಾರದ ವರದಿ. ದೇಶದ ಒಟ್ಟು ರಸ್ತೆಯಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ನೂರಕ್ಕೆ ಎರಡರಷ್ಟು, ಸಾವಿನಲ್ಲಿ ಮಾತ್ರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. 2015ರ ಅಕ್ಟೋಬರ್ ನಂತರ ತಯಾರಾದ ಬಹುತೇಕ ಸಾಗಾಟ ವಾಹನಗಳಿಗೆ ಗಂಟೆಗೆ 80 ಕಿ.ಮೀ. ಮೀರದಂತೆ ವೇಗ ನಿಯಂತ್ರಕ ಕಡ್ಡಾಯ ಎಂಬ ನಿಯಮವೂ ಉಂಟು. ಆದರೆ ಸಂಪಾದನೆ ನಿಂತಿರುವುದು ನಿಮಿಷದ ಮೇಲೆ ಎಂದಾದರೆ ಯಂತ್ರಕ್ಕೂ ಒಂದು ಉಪಾಯ ಹುಡುಕುವವರು ಹುಟ್ಟಿಕೊಳ್ಳುತ್ತಾರೆ.

ನನ್ನನ್ನು ಯಾರಾದರೂ ಕೇಳಿದರೆ, ಕೇಳುವವರಿಲ್ಲದಿದ್ದರೂ, ನಾನು ಹೇಳುವುದು ಇಷ್ಟು. ಬೆಳಗ್ಗೆ ಎಂಟೂವರೆಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಮಳೆಯಲ್ಲಿ ಒಮ್ಮೆ ಸಾರಿಗೆ ಅಧಿಕಾರಿಗಳು ಬಸ್ಸಿನಲ್ಲಿ ಕುಳಿತು ಮಂಗಳೂರಿನಿಂದ ಉಡುಪಿಗೆ ಹೋಗಿ ಬರಲಿ. ನಿಯಮ ಪಾಲಿಸಿಕೊಂಡು ಓಡಿಸಿದರೆ ಎಷ್ಟು ಹೊತ್ತು ಬೇಕೋ ಅಷ್ಟನ್ನು ಟೈಮಿಂಗ್ಸ್‌ನಲ್ಲಿ ಬರೆಯಲಿ. ಬೆಳಗಿಗೂ ಮಧ್ಯಾಹ್ನಕ್ಕೂ ಒಂದೇ ಲೆಕ್ಕ ಬೇಡ. ಡ್ರೈವರ್, ಕಂಡಕ್ಟರಿಗೆ ಕಲೆಕ್ಷನ್ ಬತ್ತೆ ಬಿಟ್ಟು ಸಂಬಳ ಕೊಡಲಿ. ಮಾಲಕರು ಕಷ್ಟ ಹೇಳುತ್ತಾರೆ, ಡೀಸೆಲ್ ದರ, ಟೋಲ್, ಬಿಡಿಭಾಗ. ಅವರ ಕಷ್ಟ ಸುಳ್ಳಲ್ಲ. ಒಂದೇ ದಾರಿಯ ಬಸ್ಸುಗಳು ಕಲೆಕ್ಷನ್ ಒಟ್ಟು ಮಾಡಿ ಹಂಚಿಕೊಂಡರೆ ಪರಸ್ಪರ ಓಡಿಸಿಕೊಂಡು ಹೋಗುವ ಅಗತ್ಯವೇ ಬೀಳದು. ಬಸ್ಸು ಹೆದ್ದಾರಿಯ ಮಧ್ಯದಲ್ಲೇ ನಿಂತು ಹಿಂದಿನ ಗಾಡಿಗಳನ್ನೆಲ್ಲ ತಡೆಯುವ ಬದಲು, ಬದಿಗೆ ಸರಿದು ನಿಲ್ಲಲು ಪ್ರತಿ ನಿಲ್ದಾಣದಲ್ಲಿ ಜಾಗ ಬೇಕು. ಹಾಗೆ ಸರಿದು ನಿಂತ ಬಸ್ಸು ಮತ್ತೆ ರಸ್ತೆಗೆ ಬರಲು ತಗಲುವ ಅರ್ಧ ನಿಮಿಷವನ್ನೂ ಲೆಕ್ಕಕ್ಕೆ ಸೇರಿಸಬೇಕು. ಇಲ್ಲವಾದರೆ ಯಾವ ಡ್ರೈವರೂ ಬದಿಗೆ ಹೋಗುವುದಿಲ್ಲ. ನಾನಿದ್ದರೆ ನಾನೂ ಹೋಗುತ್ತಿರಲಿಲ್ಲ.

2018ರಲ್ಲಿ ನನಗೆ ಹಜ್ಜಿಗೆ ಹೋಗುವ ಭಾಗ್ಯ ಬಂತು. ಹೊರಡುವ ಮೊದಲು ಸಾಲ ತೀರಿಸುವುದು, ಬಂಧುಗಳ, ನೆರೆಯವರ ಹತ್ತಿರ ಪೊರುತ ಕೇಳುವುದು ನಮ್ಮಲ್ಲಿ ವಾಡಿಕೆ. ಮನೆ ಮನೆಗೆ ಹೋದೆ. ಎಲ್ಲರೂ ನಗುತ್ತಾ, 'ನೀವೇನು ಮಾಡಿದ್ದೀರಿ, ನಮಗಾಗಿ ದುಆ ಮಾಡಿ' ಎಂದರು. ಮನುಷ್ಯರ ಹಕ್ಕನ್ನು ಮನುಷ್ಯರೇ ಮನ್ನಿಸಬೇಕು, ಹಜ್ಜ್ ಅದನ್ನು ತೊಳೆಯುವುದಿಲ್ಲ ಎಂದು ಉಸ್ತಾದರು ಹಜ್ಜ್ ತರಗತಿಯಲ್ಲಿ ಹೇಳಿದ ದಿನ ನನಗೆ ನಿದ್ದೆ ಬರಲಿಲ್ಲ.

ಆ ಹೆಂಗಸಿನ ಊರು ನನಗೆ ಗೊತ್ತಿತ್ತು. ಆಗ ಒಮ್ಮೆ ಆಸ್ಪತ್ರೆಗೆ ಬಿಸ್ಕತ್ತು ಪೊಟ್ಟಣ ಹಿಡಿದುಕೊಂಡು ಹೋಗಿದ್ದೆ. ವಿಚಾರಿಸುತ್ತಾ ಮನೆ ಸಿಕ್ಕಿತು. ಅಂಗಳದ ಬದಿಯಲ್ಲಿ ಕುಳಿತು ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಇನ್ನೂ ಬೀಡಿ ಕಟ್ಟುತ್ತಿದ್ದರು. ಎದ್ದು ಒಳಗೆ ಹೋಗಿ ಚಾಪೆ ತಂದರು. ಬಲಗಾಲು ಎಳೆದುಕೊಂಡೇ ನಡೆಯುತ್ತಿದ್ದರು.

ನಾವು ತುಳುವಿನಲ್ಲಿ ಮಾತನಾಡಿದೆವು. ನಾನು ಯಾರೆಂದು ಹೇಳಿದೆ. ವಿಷಲ್ ಹಾಕಿದ್ದನ್ನು ಹೇಳಿದೆ. ಪೊಲೀಸರಿಗೆ ಕೊಟ್ಟ ಹೇಳಿಕೆಯನ್ನೂ ಹೇಳಿದೆ. ಪರಿಹಾರ ಏನಾದರೂ ಸಿಕ್ಕಿತ್ತೇ ಎಂದು ಕೇಳಿದೆ. 'ತಪ್ಪು ನಮ್ಮದು ಅಂತ ಆದ ಮೇಲೆ ಕೇಸು ಮಾಡುವುದು ಹೇಗೆ ಬ್ಯಾರಿಗಳೇ? ಅವರು ಬೇಡ ಅಂದರು' ಎಂದರು. ಅವರು ಅಂದರೆ ಗಂಡ. ತೀರಿಹೋಗಿ ನಾಲ್ಕು ವರ್ಷವಾಗಿತ್ತು.

ಸ್ವಲ್ಪ ಹೊತ್ತು ಕೈ ನಿಂತಿತ್ತು. ಆಮೇಲೆ ಮತ್ತೆ ಎಲೆ ಕತ್ತರಿಸತೊಡಗಿದರು. 'ಸಾಯುವವರೆಗೂ ಹೇಳುತ್ತಿದ್ದರು, ನಿನಗೆ ಅಂಥ ಅವಸರ ಏನಿತ್ತು ಅಂತ. ಅತ್ತೆಯೂ ಅದನ್ನೇ ಹೇಳಿದರು. ಎಲ್ಲರೂ ಹೇಳಿದ ಮೇಲೆ ನನಗೂ ಹಾಗೇ ಅನಿಸಿತ್ತು. ಕಾಲು ನೋಯುವಾಗೆಲ್ಲ, ಏನು ಅವಸರವಿತ್ತು ನನಗೆ ಅಂತ ನೆನಪು ಮಾಡಲು ನೋಡುತ್ತಿದ್ದೆ.'

ನಾನು ಅವರ ಕ್ಷಮೆ ಕೇಳಿದೆ. ತಂದಿದ್ದ ಲಕೋಟೆಯನ್ನು ಮುಂದಿಟ್ಟೆ. ಅವರು ಅದನ್ನು ನೋಡಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಸೊಸೆಯನ್ನು ಕರೆದರು. ನನಗೆ ಚಾ ಕೊಡಲು ಹೇಳುತ್ತಾರೆ ಎಂದುಕೊಂಡೆ.

'ಇಲ್ಲಿ ಬಾ,' ಎಂದರು ಆಕೆಗೆ. 'ಇವರು ಹೇಳುವುದನ್ನು ನೀನೂ ಕೇಳು. ಅವತ್ತು ನನಗೆ ಅವಸರ ಇರಲಿಲ್ಲವಂತೆ.'