ಒಡೆಯರಿಲ್ಲದ ಕೊಳಗಳು

ಕ್ಯಾಲಿಫೋರ್ನಿಯದ ಬೇಕರ್ಸ್‌ಫೀಲ್ಡ್ ಬಲು ಬಿಸಿಲಿನ ಊರು. ಹಿತ್ತಿಲಿನಲ್ಲಿ ಈಜುಕೊಳವಿರುವುದು ಅಲ್ಲಿ ದೊಡ್ಡಸ್ತಿಕೆಯೇನಲ್ಲ. 2007ರಲ್ಲಿ ಸಾಲ ತೀರಿಸಲಾರದೆ ಎಷ್ಟೋ ಮಂದಿ ಮನೆ ತೊರೆದರು. ಅವರ ಕೊಳಗಳು ಪಾಚಿಗಟ್ಟಿ ಸೊಳ್ಳೆಗಳಿಗೆ ತವರಾದುವು. ಆ ಬೇಸಗೆಯಲ್ಲಿ ಕೆರ್ನ್ ಕೌಂಟಿಯ ವೆಸ್ಟ್ ನೈಲ್ ಜ್ವರಪೀಡಿತರ ಸಂಖ್ಯೆ ಹಿಂದಿನ ವರ್ಷದ ಇಮ್ಮಡಿಯನ್ನೂ ಮೀರಿತು. ಸಾಲ ಒಬ್ಬನದು, ಜ್ವರ ನೆರೆಮನೆಯ ಮುದುಕನಿಗೆ!

ಪಾಳುಕೊಳಕ್ಕೆ ಸೊಳ್ಳೆಮರಿ ತಿನ್ನುವ ಗ್ಯಾಂಬೂಸಿಯ ಮೀನು ಬಿಡುವುದು ಅಲ್ಲಿನ ರೂಢಿ. ಮನೆಗೆ ಮತ್ತೆ ಜನ ಬಂದರೆ ಕೆಲಸವೇ ಬೇರೆ: ಕೊಳೆತ ಎಲೆಯನ್ನು ಬಲೆಯಿಂದ ಬಾಚಿ, ಗೋಡೆಯುಜ್ಜಿ, ಕ್ಲೋರಿನ್ ಬೆರೆಸಿ, ಶೋಧಕಯಂತ್ರವನ್ನು ಹಗಲಿರುಳು ನಡೆಸಬೇಕು. ಬಳಿಕ ಪರೀಕ್ಷೆ. ಫೀನಾಲ್ ರೆಡ್ ಹನಿಸಿದ ನೀರು ಹಳದಿಯಾದರೆ ಆಮ್ಲ, ಕಡುಗೆಂಪಾದರೆ ಕ್ಷಾರ. ಕ್ಷಾರ ಹೆಚ್ಚಿದಲ್ಲಿ ಕ್ಲೋರಿನ್ ಶಕ್ತಿಗುಂದುತ್ತದೆ. ಪಿಎಚ್ 7.2ರಿಂದ 7.8ರೊಳಗೆ, ಕ್ಲೋರಿನ್ ದಶಲಕ್ಷಕ್ಕೆ 1 ಭಾಗವಾದರೂ ಇರಬೇಕು. ತಳ ನಿಚ್ಚಳವಾಗಿ ಕಾಣುವವರೆಗೆ ಮಕ್ಕಳನ್ನು ನೀರಿಗಿಳಿಸಬಾರದು.