ಕಲ್ಲಿನ ಮೇಲಿನ ಗೊದಮೊಟ್ಟೆ

ಜೂನ್ ತಿಂಗಳ ಮಳೆ ನಾಲ್ಕು ದಿನ ಬಿಡದೆ ಹೊಡೆಯಿತೆಂದರೆ ನಮ್ಮ ಗುಂಡ್ಯದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಒಂದು ಕಡೆ ಶಿರಾಡಿ ಘಾಟಿ ಹತ್ತಲು ಏದುಸಿರು ಬಿಡುವ ಲಾರಿಗಳ ಸದ್ದು, ಇನ್ನೊಂದು ಕಡೆ ಹೊಳೆಯ ಅಬ್ಬರ. ಇವೆರಡೂ ತುಸು ತಗ್ಗಿದ ಹೊತ್ತಿಗೆ ಕಪ್ಪೆಗಳ ಸರದಿ. ಬೆಂಗಳೂರು-ಮಂಗಳೂರು ಬಸ್ಸಿನಲ್ಲಿ ಹೋಗುವವರಿಗೆ ಗುಂಡ್ಯವೆಂದರೆ ಘಾಟಿ ಇಳಿದ ಮೇಲೆ ಚಹಾ ಕುಡಿಯುವ ಜಾಗ, ಇಲ್ಲವೇ ಸುಬ್ರಹ್ಮಣ್ಯಕ್ಕೆ ತಿರುಗುವ ದಾರಿ. ಆದರೆ ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ಈ ಊರಿಗೆ ಬೇರೆಯೇ ಒಂದು ಸ್ಥಾನವಿದೆ. ಅದು ನನಗೆ ತಿಳಿದದ್ದು ಬಹಳ ತಡವಾಗಿ. ತಪ್ಪು ನನ್ನದೇ. ಆ ಕಥೆಯನ್ನೇ ಹೇಳುತ್ತೇನೆ.

ಅದು 1998ರ ಮಳೆಗಾಲ. ಈ ಆಸುಪಾಸಿನ ಒಂದು ಪ್ರೌಢಶಾಲೆಗೆ ನಾನು ವಿಜ್ಞಾನದ ಮಾಷ್ಟ್ರಾಗಿ ಸೇರಿ ಎರಡು-ಮೂರು ವರ್ಷವಾಗಿತ್ತು. ಹೆಸರಿನ ಪಕ್ಕ ಬಿ.ಎಸ್ಸಿ., ಬಿ.ಎಡ್. ಎಂದು ಬರೆದುಕೊಳ್ಳುವ ಹುಮ್ಮಸ್ಸು ಇನ್ನೂ ಆರಿರಲಿಲ್ಲ. ಎಂಟನೆಯ ತರಗತಿಗೆ ಕಪ್ಪೆಯ ಜೀವನಚಕ್ರದ ಪಾಠ. ಕರಿಹಲಗೆಯ ಮೇಲೆ ಮೊಟ್ಟೆ, ಗೊದಮೊಟ್ಟೆ, ಕಾಲು ಮೂಡಿದ ಗೊದಮೊಟ್ಟೆ, ಮರಿಕಪ್ಪೆ, ಕಪ್ಪೆ ಎಂದು ಐದು ಚಿತ್ರಗಳನ್ನು ಸುತ್ತಲೂ ಬರೆದು ಬಾಣದ ಗುರುತು ಹಾಕಿದೆ. 'ಗೊದಮೊಟ್ಟೆ ನೀರಿನಲ್ಲಿ ಬದುಕುತ್ತದೆ, ಕಿವಿರುಗಳಿಂದ ಉಸಿರಾಡುತ್ತದೆ' ಎಂದು ಟಿಪ್ಪಣಿಯನ್ನೂ ಬರೆಸಿದೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಸಾಮಾನ್ಯವಾಗಿ ಬಾಯಿ ಬಿಡದ ಹುಡುಗ.

"ಸರ್, ನಮ್ಮ ತೋಟದ ಹಿಂದಿನ ಪಾರೆಯಲ್ಲಿ ಗೊದಮೊಟ್ಟೆ ಉಂಟು. ನೀರಲ್ಲಿ ಅಲ್ಲ, ಕಲ್ಲಿನ ಮೇಲೆ. ಮುಟ್ಟಲಿಕ್ಕೆ ಹೋದ್ರೆ ಹಾರ್ತದೆ."

ತರಗತಿ ಗೊಳ್ಳೆಂದಿತು. ನಾನೂ ನಕ್ಕೆ. "ಅದು ಎಂತದ್ದೋ ಹುಳ ಇರಬೇಕು ಮಾರಾಯ. ಗೊದಮೊಟ್ಟೆ ಕಲ್ಲು ಹತ್ತುವುದಾದರೆ ನಾಳೆ ಮೀನು ಅಡಿಕೆ ಮರ ಹತ್ತೀತು. ಕೂತ್ಕೋ" ಎಂದೆ.

"ನಾಳೆ ತಂದು ತೋರಿಸ್ಲಾ ಸರ್?"

"ಬೇಡ. ಮೊದಲು ಚಿತ್ರ ಸರಿಯಾಗಿ ಬರಿ."

ಅವನು ಕುಳಿತ. ಆ ವರ್ಷವೂ, ಮುಂದೆಯೂ ನನ್ನ ತರಗತಿಯಲ್ಲಿ ಅವನು ಮತ್ತೆ ತಾನಾಗಿ ಎದ್ದದ್ದು ನೆನಪಿಲ್ಲ.

ನನಗೆ ಕಪ್ಪೆ ಗೊತ್ತಿರಲಿಲ್ಲವೆಂದಲ್ಲ. ಕಾಲೇಜಿನಲ್ಲಿ ಮೇಣದ ತಟ್ಟೆಯ ಮೇಲೆ ಗುಂಡುಸೂಜಿ ಚುಚ್ಚಿ ಎಷ್ಟೋ ಕಪ್ಪೆಗಳನ್ನು ಕೊಯ್ದಿದ್ದೇನೆ. ಅದರ ಹೃದಯದ ಮೂರು ಕೋಣೆಗಳನ್ನು ಕಣ್ಣು ಮುಚ್ಚಿ ಬರೆಯಬಲ್ಲೆ. ಆದರೆ ಆ ಕಪ್ಪೆ ಜೀವಂತವಾಗಿದ್ದಾಗ ಎಲ್ಲಿ ಕೂರುತ್ತಿತ್ತು, ಯಾವಾಗ ಕೂಗುತ್ತಿತ್ತು, ಮೊಟ್ಟೆ ಎಲ್ಲಿಡುತ್ತಿತ್ತು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಹನ್ನೊಂದು ವರ್ಷ ಕಳೆಯಿತು. 2009ರ ಜುಲೈ ತಿಂಗಳ ಒಂದು ಸಂಜೆ ಗುಂಡ್ಯದ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆ. ಮೊಣಕಾಲಿನವರೆಗೆ ಬೂಟು, ಹಣೆಗೆ ದೀಪ ಕಟ್ಟಿಕೊಂಡ ಇಬ್ಬರು ಯುವಕರು ಅರಣ್ಯ ಇಲಾಖೆಯ ಗಾರ್ಡ್ ಜೊತೆ ಬಂದು ಕುಳಿತರು. ವಿಶ್ವವಿದ್ಯಾಲಯದ ಸಂಶೋಧಕರಂತೆ, ಕಪ್ಪೆಗಳ ಅಧ್ಯಯನವಂತೆ. ನಾನು ವಿಜ್ಞಾನದ ಮಾಷ್ಟ್ರು ಎಂದು ತಿಳಿದಾಗ ಅವರಿಗೆ ಬಹಳ ಸಂತೋಷವಾಯಿತು. "ಹಾಗಾದರೆ ನಿಮ್ಮ ಊರಿನ ಕಪ್ಪೆಯನ್ನು ನೋಡಿರುತ್ತೀರಿ" ಎಂದರು. ನಾನು ಸುಮ್ಮನೆ ತಲೆಯಾಡಿಸಿದೆ.

ಅವರೊಡನೆ ರಸ್ತೆಯಂಚಿನವರೆಗೆ ಹೋದೆ. ಮೇಲಿನಿಂದ ನೀರು ಜಿನುಗುವ ಒಂದು ಕಪ್ಪು ಪಾರೆಗೆ ಅವರು ದೀಪ ಹಿಡಿದರು. ಪಾಚಿಯ ಮೇಲೆ ಅಂಗುಲದಷ್ಟು ಉದ್ದದ ಜೀವಿಗಳು ಅಂಟಿಕೊಂಡಿದ್ದವು. ಚಪ್ಪಟೆ ಹೊಟ್ಟೆ, ನೀಳವಾದ ಬಾಲ, ಆಗಲೇ ಮೂಡಿದ ಹಿಂಗಾಲು. ಯುವಕನೊಬ್ಬ ಬೆರಳು ಹತ್ತಿರ ತಂದದ್ದೇ ತಡ, ಬಾಲ ಬಡಿದು ಟಣ್ಣನೆ ಹಾರಿ ಒಂದಡಿ ಆಚೆ ಕುಳಿತವು!

ಆ ಹುಡುಗನ ಮುಖ ಕಣ್ಣ ಮುಂದೆ ಬಂತು.

ಅವು ಇಂಡಿರಾನಾ ಎಂಬ ಬಳಗದ ಕಪ್ಪೆಗಳ ಗೊದಮೊಟ್ಟೆಗಳು. ಮಳೆಗಾಲದಲ್ಲಿ ನಮ್ಮ ತೋಡುಗಳ ಸೆಳೆತ ಎಂಥದೆಂದು ನಿಮಗೆ ಗೊತ್ತು. ಈ ಮರಿಗಳು ಆ ಪ್ರವಾಹಕ್ಕೆ ಇಳಿಯುವುದೇ ಇಲ್ಲ. ತೆಳುವಾಗಿ ನೀರು ಹರಿಯುವ ಬಂಡೆಯ ಮೇಲೆ ಪಾಚಿ ಕೆರೆದು ತಿಂದು ಬೆಳೆಯುತ್ತವೆ. ಹಿಂಗಾಲು ಬೇಗ ಬಲಿತು ನೆಗೆಯಲು ನೆರವಾಗುತ್ತವೆ. ಇದೇನೂ ಹೊಸ ಸುದ್ದಿಯಲ್ಲ, ಪ್ರಾಣಿಶಾಸ್ತ್ರಜ್ಞರು ನೂರು ವರ್ಷದ ಹಿಂದೆಯೇ ಬರೆದಿಟ್ಟಿದ್ದಾರೆ. ನಮ್ಮ ಪಠ್ಯಪುಸ್ತಕಕ್ಕೆ ಮಾತ್ರ ಬಂದಿರಲಿಲ್ಲ.

ಇನ್ನೊಂದು ಸಂಗತಿ ಕೇಳಿ ನಾನು ಇನ್ನಷ್ಟು ಸಣ್ಣವನಾದೆ. ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದ ವಿಜ್ಞಾನಿ ಅಲೇನ್ ದ್ಯುಬ್ವಾ 1986ರಲ್ಲಿ ಗುಂಡ್ಯದ ಕೆಂಪುಹೊಳೆ ಕಾಡಿನ ಒಂದು ಕಪ್ಪೆಯನ್ನು ಹೊಸ ಪ್ರಭೇದವೆಂದು ವರ್ಣಿಸಿ, ಅದಕ್ಕೆ ನಮ್ಮ ಊರಿನದೇ ಹೆಸರಿಟ್ಟರು. ಇಂದು ಅದು 'ಇಂಡಿರಾನಾ ಗುಂಡಿಯಾ'. ಅವರು ಅದಕ್ಕಾಗಿ ಮಾಡಿದ ಕುಲದ ಹೆಸರು ರಾನಿಕ್ಸಾಲಸ್. ಆ ಹೆಸರಿನಿಂದಲೇ ಇಡೀ ಕುಟುಂಬಕ್ಕೆ ರಾನಿಕ್ಸಾಲಿಡೇ ಎಂಬ ಹೆಸರು ಬಂತು. ಈ ಕುಟುಂಬದ ಕಪ್ಪೆಗಳು ಭಾರತದ ಪರ್ಯಾಯದ್ವೀಪ ಬಿಟ್ಟು ಜಗತ್ತಿನ ಬೇರೆಲ್ಲಿಯೂ ಇಲ್ಲ.

ಅದಕ್ಕೂ ಮೊದಲೇ ಕನ್ನಡನಾಡಿನಲ್ಲೇ ಕೆಲಸ ಮಾಡುತ್ತಿದ್ದ ಒಬ್ಬರು ಈ ಕಾಡಿನ ಕಪ್ಪೆಗಳನ್ನು ಬಲ್ಲವರಾಗಿದ್ದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ.ಆರ್. ನಾರಾಯಣ ರಾವ್. 1932ರಲ್ಲಿ ಶುರುವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಅವರೇ. 1937ರಲ್ಲಿ ಅವರು ಕೆಂಪುಹೊಳೆಯ ಹಲವು ಕಪ್ಪೆಗಳನ್ನು ವರ್ಣಿಸಿದರು. ಒಂದರ ಹೆಸರಿನಲ್ಲಿ ಆ ಹೊಳೆಯೇ ಇದೆ: ಕೆಂಪೊಳೆಯೆನ್ಸಿಸ್. ಅವರು ಜೋಪಾನವಾಗಿಟ್ಟ ಮಾದರಿಗಳು ಆಮೇಲೆ ಕಳೆದುಹೋದವು. ಹಾಗಾಗಿ ಅವರು ಕಂಡ ಕಪ್ಪೆ ಯಾವುದೆಂದು ತಿಳಿಯಲು ನಂತರದವರು ಅದೇ ಕಾಡಿಗೆ, ಅದೇ ತೋಡುಗಳಿಗೆ ಮರಳಿ ಬರಬೇಕಾಯಿತು. 2010ರಲ್ಲಿ ವಿಜ್ಞಾನಿಗಳು ಪೊದೆಗಪ್ಪೆಗಳ ಒಂದು ಕುಲಕ್ಕೆ ರಾವ್ ಅವರ ಗೌರವಾರ್ಥ 'ರಾವೋರ್ಕೆಸ್ಟಿಸ್' ಎಂದು ಹೆಸರಿಟ್ಟರು.

'ಕಪ್ಪೆ ನೋಡಿ ಎಂತ ಸಿಗ್ತದೆ ಮಾಷ್ಟ್ರೇ?' ಎಂದು ಹೆತ್ತವರು ಕೇಳುವುದುಂಟು. ನ್ಯಾಯವಾದ ಪ್ರಶ್ನೆಯೇ. ಒಂದು ಉತ್ತರ, ನಮ್ಮ ನೆಲದ ಚರಿತ್ರೆ ಸಿಗುತ್ತದೆ. ಸುಮಾರು 9 ಕೋಟಿ ವರ್ಷಗಳ ಹಿಂದೆ ಭಾರತದ ಭೂಭಾಗ ಮಡಗಾಸ್ಕರಿನಿಂದ ಬೇರ್ಪಟ್ಟು ಉತ್ತರಕ್ಕೆ ತೇಲಿತು. ಬಹುಕಾಲ ಒಂಟಿಯಾಗಿದ್ದ ಆ ನೆಲದಲ್ಲೇ ಉಳಿದು ಬೆಳೆದ ಹಳೆಯ ವಂಶಗಳಲ್ಲಿ ಈ ಕಪ್ಪೆಗಳದ್ದೂ ಒಂದು ಎಂಬುದು ವಿಜ್ಞಾನಿಗಳ ಅಂದಾಜು. ಬಂಡೆಗೆ ಬಾಯಿಲ್ಲ, ಕಪ್ಪೆಯ ಡಿ.ಎನ್.ಎ.ಗೆ ಇದೆ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದವರೂ ಕೇರಳದ ವಿಜ್ಞಾನಿಗಳೂ ಸೇರಿ 2012ರಲ್ಲಿ ಇಂಡಿರಾನಾಗಳ ಡಿ.ಎನ್.ಎ. ಪರೀಕ್ಷಿಸಿದಾಗ, ನೋಡಲು ಒಂದೇ ಥರ ಇರುವ ಕಪ್ಪೆಗಳಲ್ಲಿ ಬೇರೆ ಬೇರೆ ವಂಶಗಳು ಅಡಗಿರುವುದು ಕಂಡುಬಂತು.

ಇನ್ನೊಂದು ಉತ್ತರ, ಎಚ್ಚರಿಕೆ ಸಿಗುತ್ತದೆ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ. ಅದಕ್ಕೇ ನೀರು ಕೆಟ್ಟರೆ, ನೆರಳು ಹೋದರೆ ಬೇಗನೆ ಪೆಟ್ಟು ತಿನ್ನುತ್ತದೆ. 2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯ ಪ್ರಕಾರ ಉಭಯವಾಸಿ ಪ್ರಭೇದಗಳಲ್ಲಿ ಶೇ. 41ರಷ್ಟು ಅಳಿವಿನ ಅಂಚಿನತ್ತ ಸಾಗಿವೆ. ನಮ್ಮ ಗುಂಡ್ಯದ ಕಪ್ಪೆಯನ್ನು 2004ರ ಕೆಂಪುಪಟ್ಟಿಯಲ್ಲಿ ಅತ್ಯಂತ ಅಪಾಯದಲ್ಲಿರುವವುಗಳ ಸಾಲಿಗೇ ಸೇರಿಸಿದ್ದರು. ಇಲ್ಲಿ ಜಲವಿದ್ಯುತ್ ಯೋಜನೆಯ ಮಾತು ಬಂದಾಗ, ಮಾಧವ ಗಾಡ್ಗೀಳ್ ನೇತೃತ್ವದ ತಜ್ಞರ ಸಮಿತಿ 2011ರ ವರದಿಯಲ್ಲಿ ಅದಕ್ಕೆ ಅನುಮತಿ ಕೊಡಬಾರದೆಂದಿತು. ವಿದ್ಯುತ್ತು ನಮಗೂ ಬೇಕು, ನನ್ನ ಮನೆಯಲ್ಲೂ ಫ್ಯಾನು ತಿರುಗಬೇಕು. ಆದರೆ ತಕ್ಕಡಿಯ ಒಂದು ತಟ್ಟೆಯಲ್ಲಿ ಮೆಗಾವಾಟ್ ಇಟ್ಟರೆ ಇನ್ನೊಂದರಲ್ಲಿ ಏನಿದೆ ಎಂದು ಹೇಳುವವರು ಬೇಕಲ್ಲ? ಮಳೆಯಲ್ಲಿ ನೆನೆಯುತ್ತ, ಉಂಬಳ ಕಚ್ಚಿಸಿಕೊಳ್ಳುತ್ತ ರಾತ್ರಿಯೆಲ್ಲ ತೋಡಿನಲ್ಲಿ ನಡೆದವರು ಮಾತ್ರ ಅದನ್ನು ಹೇಳಬಲ್ಲರು. ಹಾಗೆ ನಡೆಯಬಹುದಾಗಿದ್ದ ಒಬ್ಬನನ್ನು ನಾನು 'ಕೂತ್ಕೋ' ಎಂದು ಕೂರಿಸಿಬಿಟ್ಟಿದ್ದೆ.

ಕಳೆದ ವರ್ಷ ಶಾಲೆಯ ಪೋಷಕರ ಸಭೆಗೆ ಅವನು ಬಂದಿದ್ದ. ಘಾಟಿಯಲ್ಲಿ ಲಾರಿ ಓಡಿಸುತ್ತಾನೆ. ಮಗಳು ಈಗ ನನ್ನ ತರಗತಿಯಲ್ಲಿದ್ದಾಳೆ. ಸಭೆ ಮುಗಿದ ಮೇಲೆ ಅವನನ್ನು ಜಗಲಿಗೆ ಕರೆದು, "ಅವತ್ತು ನೀನು ಹೇಳಿದ್ದು ಸರಿ ಇತ್ತು. ನಾನೇ ತಪ್ಪು ಹೇಳಿದೆ" ಎಂದೆ. ಇಷ್ಟು ವರ್ಷದ ಮೇಲೆ ಅವನಿಗೆ ನೆನಪಿರಲಾರದು ಅಂದುಕೊಂಡಿದ್ದೆ.

"ನಂಗೆ ಗೊತ್ತಿತ್ತು ಸರ್. ನಾನೇ ಕಂಡದ್ದಲ್ವಾ?" ಎಂದು ನಕ್ಕ. ಸ್ವಲ್ಪ ಹೊತ್ತು ಬಿಟ್ಟು, "ಮತ್ತೆ ಯಾರಿಗೂ ಹೇಳ್ಲಿಕ್ಕೆ ಹೋಗ್ಲಿಲ್ಲ ಅಷ್ಟೆ" ಎಂದ.

ಆ ನಗುವಿನಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

"ಆ ಪಾರೆ ಈಗಲೂ ಉಂಟಾ?"

"ಉಂಟು ಸರ್. ಮಳೆ ಹಿಡಿದ ಮೇಲೆ ಬನ್ನಿ."

ಹೋದೆ. ಮಗಳು ಮುಂದೆ, ಅಪ್ಪ ನಡುವೆ, ಕೊಡೆ ಹಿಡಿದು ನಾನು ಹಿಂದೆ. ಪಾರೆಯ ಮೇಲೆ ಅವು ಇದ್ದವು. ಹುಡುಗಿ ಒಂದನ್ನೂ ಹಿಡಿಯಲಿಲ್ಲ, ಹಿಡಿಯಬಾರದೆಂದು ಮೊದಲೇ ಹೇಳಿದ್ದೆ. ನೋಟ್ ಪುಸ್ತಕದಲ್ಲಿ ದಿನಾಂಕ, ಹೊತ್ತು, ಮಳೆ ಇತ್ತೇ ಇಲ್ಲವೇ, ಎಷ್ಟು ಕಂಡವು ಎಂದು ಬರೆದುಕೊಂಡಳು. ಸಂಶೋಧನೆ ಎಂಬುದರ ಮೊದಲ ಪಾಠ ಇಷ್ಟೇ. ಇದಕ್ಕೆ ಪ್ರಯೋಗಶಾಲೆ ಬೇಡ, ಟ್ಯೂಷನ್ ಬೇಡ. ಮಗು ಏನಾದರೂ ಕಂಡು ಬಂದು ಹೇಳಿದರೆ, ತಂದೆತಾಯಿಗಳೂ ನನ್ನಂಥ ಮಾಷ್ಟ್ರುಗಳೂ ಎದ್ದು ಹೋಗಿ ಒಮ್ಮೆ ನೋಡಿದರೆ ಸಾಕು.

ಕಪ್ಪೆಯ ಪಾಠ ಬಂದಾಗ ಈಗಲೂ ಅದೇ ಐದು ಚಿತ್ರ ಬರೆಯುತ್ತೇನೆ. ಕೆಳಗೆ ಒಂದು ವಾಕ್ಯ ಹೆಚ್ಚಾಗಿ ಬರೆಸುತ್ತೇನೆ: 'ನಮ್ಮ ಊರಿನ ಕೆಲವು ಗೊದಮೊಟ್ಟೆಗಳು ಕಲ್ಲಿನ ಮೇಲೆ ಬದುಕುತ್ತವೆ.' ಇದು ಪರೀಕ್ಷೆಗೆ ಬರುತ್ತದಾ ಸರ್ ಎಂದು ಪ್ರತಿವರ್ಷ ಯಾರಾದರೊಬ್ಬರು ಕೇಳುತ್ತಾರೆ. ಬರುವುದಿಲ್ಲ, ಆದರೂ ಬರೆದುಕೊಳ್ಳಿ ಎನ್ನುತ್ತೇನೆ.