ಇಲ್ಲೇ ಹುಟ್ಟಿದ ವಿದೇಶಿಯರು

ಸೊರಟೂರ ಬಿಟ್ಟ ಬಸ್ಸಿನ ಎರಡೂ ಕಡೆ ಎರಿಹೊಲ. ಡಿಸೆಂಬರಿನ ಬೆಳಗು, ಕಡಲೆ ಹೂ ಬಿಟ್ಟಿದೆ. ಹನ್ನೆರಡನೇ ಶತಮಾನದ ಕೊನೆಗೆ ಇದೇ ಬಯಲಿನಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಸೇವುಣರ ಐದನೇ ಭಿಲ್ಲಮನ ದಂಡನ್ನು ಮುರಿದ. ಊರಿನವರು ಒಬ್ಬ ಅರಸನ ಪ್ರಜೆಗಳಾಗಿ ಮಲಗಿ ಇನ್ನೊಬ್ಬನ ಪ್ರಜೆಗಳಾಗಿ ಎದ್ದಿರಬೇಕು. ಯಾರೂ ಯಾವ ಫಾರಂ ತುಂಬಲಿಲ್ಲ.

ಲಕ್ಷ್ಮೇಶ್ವರ, ಶಿಗ್ಗಾವಿ, ಬಂಕಾಪುರ ದಾಟುವಷ್ಟರಲ್ಲಿ ಕಪ್ಪು ಮಣ್ಣು ಕೆಂಪಾಗುತ್ತದೆ, ತೇಗದ ಮರಗಳು ರಸ್ತೆಗೆ ಹತ್ತಿರ ಬರುತ್ತವೆ. ಮುಂಡಗೋಡದಲ್ಲಿ ಇಳಿದರೆ ಆಟೋದವನು ಮುಖ ನೋಡಿಯೇ ಕೇಳುತ್ತಾನೆ: “ಲಾಮಾ ಕ್ಯಾಂಪಿಗೇನ್ರೀ?” ಹೂಂ ಅನ್ನುತ್ತೀರಿ. ಪಟ್ಟಣ ಹಿಂದೆ ಸರಿಯುತ್ತದೆ. ಕೊಯ್ಲಾದ ಗೋವಿನಜೋಳದ ಹೊಲ, ಬಣ್ಣದ ಬಾವುಟದ ಸಾಲು, ದೂರದಲ್ಲಿ ಗಾದೆನ್ ಮತ್ತು ಡ್ರೆಪುಂಗ್ ಮಠಗಳ ಚಿನ್ನದ ಬಣ್ಣದ ಚಾವಣಿ. ನಿಮ್ಮನ್ನು ಯಾರೂ ತಡೆಯುವುದಿಲ್ಲ. ಹೊರದೇಶದ ಪ್ರವಾಸಿಯಾಗಿದ್ದರೆ ಮಾತ್ರ ಇಲ್ಲಿಗೆ ಬರಲು ಕೇಂದ್ರ ಗೃಹ ಇಲಾಖೆಯ ಅನುಮತಿ ಪತ್ರ ಬೇಕಿತ್ತು. ವಿದೇಶಿಯರ ಊರಿಗೆ ವಿದೇಶಿಯರು ಬರಲು ಪರವಾನಗಿ! ಕಾನೂನಿನ ಕಣ್ಣಿಗೆ ಇಲ್ಲಿಯ ಟಿಬೆಟನ್ನರಲ್ಲಿ ಬಹುತೇಕರು ವಿದೇಶಿಯರೇ. ‘ನಿರಾಶ್ರಿತ’ ಎಂದು ನಾವು ಬಾಯಿತುಂಬ ಹೇಳುತ್ತೇವೆ, ಆದರೆ ಆ ಹೆಸರಿನ ಸ್ಥಾನಮಾನ ಕೊಡುವ ಕಾಯ್ದೆ ಭಾರತದಲ್ಲಿಲ್ಲ. 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ.

ಕ್ಯಾಂಪಿನೊಳಗೆ ಅರ್ಧ ಮನೆಗಳಿಗೆ ಬೀಗ. ಚಳಿಗಾಲವಲ್ಲವೇ, ಮನೆಯವರೆಲ್ಲ ಸ್ವೆಟರ್ ಮಾರಲು ಹೋಗಿದ್ದಾರೆ. ಲುಧಿಯಾನದಿಂದ ಸಾಲದ ಮೇಲೆ ಮಾಲು ತಂದು ಹುಬ್ಬಳ್ಳಿಯಂಥ ಊರುಗಳಲ್ಲಿ ಅಂಗಡಿ ಹಾಕುತ್ತಾರೆ. ಬೀಗವಿಲ್ಲದ ಒಂದು ಮನೆಯ ಕಟ್ಟೆಯ ಮೇಲೆ ಅಜ್ಜಿ ಕೂತಿದ್ದಾಳೆ, ಕೈಯಲ್ಲಿ ಜಪಮಾಲೆ. “ಬರ್ರಿ, ಕುಂದರ್ರಿ,” ಅನ್ನುತ್ತಾಳೆ. ಹೊಲದ ಆಳುಗಳ ಜೊತೆ ಮಾತಾಡಿ ಕಲಿತ ಕನ್ನಡ. 1966ರಲ್ಲಿ ಎಸ್. ನಿಜಲಿಂಗಪ್ಪನವರ ಸರಕಾರ ಕಾಡಿನ ಸುಮಾರು 4,000 ಎಕರೆ ಬಿಟ್ಟುಕೊಟ್ಟಾಗ ಬಂದವರು ಬಿದಿರು ಕಡಿದು, ಆನೆ ಓಡಿಸಿ ಹೊಲ ಮಾಡಿದ್ದನ್ನು ಅವಳು ಕೈಸನ್ನೆಯಲ್ಲೇ ಹೇಳಿ ಮುಗಿಸುತ್ತಾಳೆ. ಉಪ್ಪು, ಬೆಣ್ಣೆ ಹಾಕಿದ ಚಹಾ ಬರುತ್ತದೆ. ಎರಡನೇ ಗುಟುಕಿಗೆ ರೂಢಿಯಾಗುತ್ತದೆ.

ಚಹಾ ತಂದವಳು ಮಗಳು. ಕೇಳಿದ್ದಕ್ಕೆ ಒಳಗಿನಿಂದ ಎರಡು ಪುಸ್ತಕ ತಂದು ತೋರಿಸುತ್ತಾಳೆ. ಒಂದು ಆರ್‌ಸಿ, ವಿದೇಶಿಯರ ನೋಂದಣಿ ಪತ್ರ. ಜಿಲ್ಲೆಯಲ್ಲಿ ಎಸ್‌ಪಿ ಸಾಹೇಬರೇ ಇದಕ್ಕೆ ಅಧಿಕಾರಿ. ಮೊದಲು ವರ್ಷವರ್ಷ ನವೀಕರಿಸಬೇಕಿತ್ತು, ಇಲ್ಲೇ ಹುಟ್ಟಿದವರಿಗೆ ಈಗ ಐದು ವರ್ಷದ ಅವಧಿ. ಇನ್ನೊಂದು ಹಳದಿ ರಟ್ಟಿನ ಗುರುತಿನ ಪುಸ್ತಕ, ಪಾಸ್‌ಪೋರ್ಟಿನ ಬದಲಿಗೆ. ಹಲವು ವಿಮಾನ ನಿಲ್ದಾಣಗಳ ಅಧಿಕಾರಿಗಳು ಇದನ್ನು ತಿರುಗಿಸಿ ಮುರುಗಿಸಿ ನೋಡುತ್ತಾರೆ.

“ಅಣ್ಣ 86, ನಾನು 89,” ಎನ್ನುತ್ತಾಳೆ.

ಇಷ್ಟರಲ್ಲೇ ಎಲ್ಲ ಇದೆ. 1955ರ ಪೌರತ್ವ ಕಾಯ್ದೆಯ ಮೂರನೇ ಕಲಮಿನ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದ ನೆಲದಲ್ಲಿ ಹುಟ್ಟಿದವರು ತಂದೆ ತಾಯಿ ಯಾರೇ ಆಗಿರಲಿ, ಹುಟ್ಟಿನಿಂದಲೇ ಪ್ರಜೆಗಳು. ಆಮೇಲೆ ಹುಟ್ಟಿದವರಿಗೆ ತಂದೆ ಇಲ್ಲವೇ ತಾಯಿ ಪ್ರಜೆಯಾಗಿರಬೇಕು. ಅದೇ ಕೋಣೆ, ಅದೇ ಸೂಲಗಿತ್ತಿ; ಅಣ್ಣ ಭಾರತೀಯ, ತಂಗಿ ವಿದೇಶಿ. ಆಧಾರ್ ಇಬ್ಬರ ಬಳಿಯೂ ಇದೆ. ಅದು ಗುರುತಿಗೆ ಸಾಕ್ಷಿ, ಪೌರತ್ವಕ್ಕಲ್ಲ. ತಂಗಿಗೆ ಮತವಿಲ್ಲ, ಸರಕಾರಿ ನೌಕರಿ ಇಲ್ಲ.

ಆದರೆ ಅಣ್ಣನ ಬಳಿಯೂ ಆರ್‌ಸಿ ಇದೆ. ಅದೇಕೆ? ಕಾಯ್ದೆಯಲ್ಲಿ ಇದ್ದದ್ದು ಕಚೇರಿಯ ಮೇಜಿಗೆ ಇಳಿಯಲು ಕೋರ್ಟೇ ಬೇಕಾಯಿತು. 2010ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ನಮ್ಗ್ಯಾಲ್ ಡೋಲ್ಕರ್ ಪ್ರಕರಣದಲ್ಲಿ ಹೀಗೆ ಹುಟ್ಟಿದವರು ಪ್ರಜೆಗಳೇ ಎಂದಿತು. 1985ರಲ್ಲಿ ಹುಟ್ಟಿದ ಲಿಂಗ್ ರಿಂಪೋಚೆ, ಇಲ್ಲಿಯದೇ ಡ್ರೆಪುಂಗ್ ಲೋಸೆಲಿಂಗ್ ಮಠಕ್ಕೆ ಸೇರಿದವರು, ಕರ್ನಾಟಕ ಹೈಕೋರ್ಟಿಗೆ ಹೋದರು. 2013ರಲ್ಲಿ ಅದೂ ಹಾಗೆಯೇ ಹೇಳಿತು. ಮರುವರ್ಷ ಚುನಾವಣಾ ಆಯೋಗ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಿರೆಂದು ಸೂಚಿಸಿತು. 2017ರ ಮಾರ್ಚಿನಲ್ಲಿ ಪಾಸ್‌ಪೋರ್ಟ್ ಕಚೇರಿಗಳಿಗೂ ಅಪ್ಪಣೆ ಬಂತು. ಮೂರು ತಿಂಗಳಲ್ಲಿ ಅದರ ಹಿಂದೆಯೇ ಷರತ್ತುಗಳೂ ಬಂದವು: ಆರ್‌ಸಿ, ಹಳದಿ ಪುಸ್ತಕ ಎರಡನ್ನೂ ರದ್ದು ಮಾಡಿಸು, ಟಿಬೆಟನ್ನರಿಗೆಂದು ಸಿಗುವ ಸವಲತ್ತು ಬಿಡು, ಕ್ಯಾಂಪಿನಲ್ಲಿ ವಾಸ ಮಾಡಬೇಡ.

ನನಗೆ ಸಿಟ್ಟು ತರಿಸುವುದು ಈ ಕೊನೆಯದು. ಹುಟ್ಟಿನಿಂದ ಬಂದ ಹಕ್ಕನ್ನು ಕೇಳಿದವನಿಗೆ ಹುಟ್ಟಿದ ಮನೆಯನ್ನೇ ಬಿಡು ಎನ್ನುವುದು ಯಾವ ನ್ಯಾಯ? ಇಲ್ಲಿಯ ನೆಲ ಸರಕಾರದ್ದು, ವಸಾಹತಿನ ಹೆಸರಿಗೆ ಕೊಟ್ಟದ್ದು. ಹೊರಗೆ ಹೋದರೆ ಅಣ್ಣನಿಗೆ ಮತ ಉಂಟು, ಪಾಸ್‌ಪೋರ್ಟ್ ಉಂಟು. ಹೊಲವಿಲ್ಲ, ಅವ್ವನ ಮನೆಯಿಲ್ಲ. ಅವನು ಹುಬ್ಬಳ್ಳಿಯಲ್ಲಿ ಸ್ವೆಟರ್ ಮಡಚುತ್ತ ಇನ್ನೂ ಲೆಕ್ಕ ಹಾಕುತ್ತಿದ್ದಾನೆ.

ಅಜ್ಜಿಗೆ ಈ ಲೆಕ್ಕ ಬೇಡ. “ಪಾಸ್‌ಪೋರ್ಟ್ ತಗೊಂಡ್ರ ನಮ್ಮ ಊರು ಬಿಟ್ಟಂಗ,” ಅನ್ನುತ್ತಾಳೆ. ಊರೆಂದರೆ ಅವಳಿಗೆ ಹಿಮಾಲಯದ ಆಚೆಯದು. ಆರ್‌ಸಿಯೇ ಅವಳಿಗೆ ತಿರುಗಿ ಹೋಗುವ ಭಾಷೆ. ಮಗಳು ಏನೂ ಹೇಳುವುದಿಲ್ಲ. ಈ ಮಾತು ಮನೆಯಲ್ಲಿ ಬಹಳ ಸಲ ಆಗಿ ಹೋಗಿರಬೇಕು.

ಅವಳ ಚಿಂತೆ ಅಣ್ಣನ ಮಗನದು. ಹುಡುಗ ಹುಟ್ಟಿದ್ದು 2015ರಲ್ಲಿ. 2004ರ ಡಿಸೆಂಬರ್ 3ರ ನಂತರ ಹುಟ್ಟಿದವರಿಗೆ ನಿಯಮ ಇನ್ನೂ ಬಿಗಿ: ಇಬ್ಬರೂ ಪ್ರಜೆಗಳಾಗಿರಬೇಕು, ಇಲ್ಲವೇ ಒಬ್ಬರು ಪ್ರಜೆಯಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಅತ್ತಿಗೆ ನೇಪಾಳದ ದಾರಿಯಾಗಿ ಬಂದವಳು. ಕಠ್ಮಂಡುವಿನ ಭಾರತದ ರಾಯಭಾರ ಕಚೇರಿ ಕೊಟ್ಟ ಪ್ರವೇಶ ಪತ್ರ ಟ್ರಂಕಿನಲ್ಲಿದೆ, ಮಡಿಕೆಯಲ್ಲಿ ಹರಿದಿದೆ. ಈಗ ಮೂರನೇ ತಲೆಮಾರಿನ ಹುಡುಗನ ಪೌರತ್ವ ಆ ಕಾಗದದ ಮೇಲೆ ನಿಂತಿದೆ. 2019ರ ಪೌರತ್ವ ತಿದ್ದುಪಡಿ ಇವರಿಗೆ ಅನ್ವಯಿಸದು; ಅದು ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ ಬಂದವರಿಗಷ್ಟೇ. 1946ರ ವಿದೇಶಿಯರ ಕಾಯ್ದೆ ಹೋಗಿ 2025ರಲ್ಲಿ ಹೊಸದು ಬಂದಿದೆ. ಅದರಲ್ಲೂ ಇವರ ಹೆಸರು ವಿದೇಶಿಯರೆಂದೇ.

ಲೋಟ ಇಡುತ್ತೀರಿ. ಮಗಳು ಕೇಳುತ್ತಾಳೆ, “ಸೊರಟೂರಾಗ ನಿಮ್ಮ ಹೊಲ ಐತೇನ್ರಿ? ಉತಾರದಾಗ ನಿಮ್ಮ ಹೆಸರು ಐತೇನು?”

“ಹೊಲ ಐತಿ. ಆದ್ರ ಇನ್ನೂ ಅಜ್ಜನ ಹೆಸರಿನ್ಯಾಗೇ ಐತಿ.”

ಅವಳು ನಗುತ್ತಾಳೆ. “ಲಗೂನ ಮಾಡಿಸ್ಕೋರಿ,” ಎಂದು ಹೇಳಿ ಪುಸ್ತಕಗಳನ್ನು ಒಳಗೆ ಇಡಲು ಏಳುತ್ತಾಳೆ.